ಕಿಟಕಿಯ ಗಾಜಿನ ಹಿಮಲತೆ

ಶೀತದೇಶಗಳ ಹಳೆಯ ಮನೆಗಳಲ್ಲಿ, ಮಾಗಿಯ ದೀರ್ಘರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ, ಒಂಟಿಪದರದ ಕಿಟಕಿಯ ಗಾಜಿನ ಮೇಲೆ ಜರೀಗಿಡದ ಎಲೆಗಳನ್ನು ಹೋಲುವ ಶ್ವೇತಚಿತ್ತಾರವೊಂದು ತಾನೇ ತಾನಾಗಿ ಹಬ್ಬಿಕೊಂಡಿರುತ್ತಿದ್ದಿತು. ಹೊರಗಣ ಚಳಿಯೇ ಬಂದು ಬರೆದು ಹೋದ ಚಿತ್ರವಿದೆಂದು ನೋಡಿದವರಿಗೆ ತೋರುವುದು ಸಹಜವಾದರೂ, ಅದು ಅರಳುವುದು ಗಾಜಿನ ಒಳಮೈಯಲ್ಲಿ. ಮಲಗಿದವರ ಉಸಿರು, ಅಡುಗೆಯ ಹಬೆ, ಒಳಗೆ ಹರವಿದ ಬಟ್ಟೆಯ ತೇವ, ಇವೆಲ್ಲದರಿಂದ ಮನೆಯ ಗಾಳಿಯನ್ನು ಸೇರಿದ ನೀರಾವಿಯು, ಸೊನ್ನೆ ಡಿಗ್ರಿಗಿಂತಲೂ ತಣ್ಣಗಾದ ಗಾಜನ್ನು ಸೋಂಕಿ, ಎಷ್ಟೋ ವೇಳೆ ನೀರಾಗುವ ಗೊಡವೆಗೇ ಹೋಗದೆ ನೇರವಾಗಿ ಸ್ಫಟಿಕವಾಗುತ್ತದೆ. ಆ ಲತೆ ಎಲ್ಲಿ ಮೊಳೆಯಬೇಕು, ಯಾವ ಕಡೆಗೆ ಬಾಗಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುವು ಗಾಜಿನ ಮೇಲಣ ಗೀರು, ಧೂಳಿನ ಕಣ, ಒರೆಸಿದ ಮೇಲೂ ಉಳಿದ ಸಾಬೂನಿನ ಲೇಶ. ನಿರ್ಮಲತೆಯನ್ನೇ ಸೌಂದರ್ಯದ ಮೂಲವೆಂದು ಹೊಗಳುವ ನಮಗೆ ಇದು ತುಸು ಮುಜುಗರದ ಸಂಗತಿಯೇ ಸರಿ!

ಅಮೆರಿಕದ ವರ್ಮಾಂಟ್ ಪ್ರಾಂತದ ಜೆರಿಕೊ ಎಂಬ ಊರಿನ ರೈತನಾದ ವಿಲ್ಸನ್ ಬೆಂಟ್ಲಿ, ಇನ್ನೂ ಇಪ್ಪತ್ತು ತುಂಬದ ತರುಣನಾಗಿದ್ದಾಗ, 1885ರ ಜನವರಿ 15ರಂದು, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾವನ್ನು ಜೋಡಿಸಿ ಹಿಮದ ಹರಳೊಂದರ ಛಾಯಾಚಿತ್ರವನ್ನು ತೆಗೆದನು. ತಂದೆಗೆ ಇದೊಂದು ಹುಚ್ಚಾಟವಾಗಿ ಕಂಡಿತು; ಮಗನಾದರೋ ಬಾಳಿನುದ್ದಕ್ಕೂ ಹಸುಗಳನ್ನು ಸಾಕಿಕೊಂಡೇ 5,000ಕ್ಕೂ ಮಿಕ್ಕ ಹರಳುಗಳ ಚಿತ್ರಗಳನ್ನು ಸಂಗ್ರಹಿಸಿದನು; ಕಿಟಕಿಯ ಗಾಜಿನ ಹಿಮಲತೆಗಳನ್ನೂ ಬಿಡಲಿಲ್ಲ. ತನ್ನ ಉಸಿರು ತಾಗಿದರೆ ಹರಳು ಕರಗೀತೆಂದು ಆತನು ಉಸಿರು ಬಿಗಿಹಿಡಿದು ದುಡಿಯಬೇಕಾಗಿದ್ದಿತು. ಇರುಳೆಲ್ಲ ಗಾಜಿನ ಲತೆಗೆ ಪೋಷಣೆಯಾದ ಉಸಿರೇ ಹರಳಿಗೆ ಮೃತ್ಯುವಾಗುವುದೆಂಬುದು ವಿಚಿತ್ರವಲ್ಲವೆ? ಆತನ ಚಿತ್ರಗಳ ಬೃಹದ್ಗ್ರಂಥವು 1931ರಲ್ಲಿ ಪ್ರಕಟವಾಯಿತು. ಅದೇ ವರುಷದ ಡಿಸೆಂಬರಿನಲ್ಲಿ ಆತನು ತೀರಿಕೊಂಡನು.

ಈಗ ಆ ನಾಡುಗಳಲ್ಲಿ ನಡುವೆ ತೆರವಿಟ್ಟು ಎರಡು ಗಾಜುಗಳನ್ನು ಜೋಡಿಸುವರಾದ್ದರಿಂದ ಒಳಗಾಜು ಹೆಪ್ಪುಗಟ್ಟುವಷ್ಟು ತಣ್ಣಗಾಗುವುದು ಅಪೂರ್ವ, ಲತೆಯೂ ಅಪೂರ್ವ. ಬಿಸಿಲುನಾಡಿನಲ್ಲಿ ಕುಳಿತು ಇದಕ್ಕಾಗಿ ಮರುಗುವುದು ನಮಗೆ ಸುಲಭ. ಗಾಜಿನ ಒಳಮೈಯೇ ಹೆಪ್ಪುಗಟ್ಟುತ್ತಿದ್ದ ಕೋಣೆಯಲ್ಲಿ ಎಚ್ಚೆತ್ತು, ಪಾತ್ರೆಯ ನೀರಿನ ಮೇಲಣ ಹಿಮವನ್ನೊಡೆದು ಮುಖ ತೊಳೆದ ಮಕ್ಕಳಾದರೋ, ದೊಡ್ಡವರಾಗಿ ಮನೆ ಕಟ್ಟಿಸಿದಾಗ, ಎರಡು ಗಾಜಿನ ಕಿಟಕಿಯನ್ನೇ ಬೇಡಿದ್ದರೆ ಅವರನ್ನು ಅರಸಿಕರೆನ್ನಲು ನನಗೆ ನಾಲಗೆ ಏಳದು.