ಘಟ್ಟದ ದಾರಿಗೆ ಮನೆಯೇ ಜೊತೆಗೆ



ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೆ ಕಾಡುಗಳನ್ನು ಹಾದು ಊಟಿಗೆ ಏರುವ ರಸ್ತೆ ದಕ್ಷಿಣದ ಸುಂದರ ದಾರಿಗಳಲ್ಲಿ ಒಂದು. ಈಚೆಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಒಳಗೇ ಇರುವ ಕ್ಯಾರವಾನ್ ವಾಹನ ಹಿಡಿದು ಪ್ರವಾಸ ಹೊರಡುವ ಕುಟುಂಬಗಳೂ ಇವೆ. ನೆರೆಯ ಕೇರಳ 2021ರಲ್ಲಿ ಇಂಥ ಪ್ರವಾಸಕ್ಕೆಂದೇ ಯೋಜನೆಯೊಂದನ್ನು ತಂದಿತು. ಮನೆಯೇ ಜೊತೆಗಿದೆ, ಕತ್ತಲಾದಲ್ಲಿ ನಿಲ್ಲಿಸಿ ಮಲಗಿದರಾಯಿತು ಎಂಬುದು ಇದರ ಆಕರ್ಷಣೆ. ಆದರೆ ನಮ್ಮ ಜಿಲ್ಲೆಯ ಈ ದಾರಿಯಲ್ಲಿ ಆ ಮಾತು ನಡೆಯುವುದಿಲ್ಲ. ಆದ್ದರಿಂದ ಇಲ್ಲಿ ಯೋಜನೆಯನ್ನು ಹಗಲಿನಿಂದಲ್ಲ, ರಾತ್ರಿಯಿಂದ ಶುರುಮಾಡಬೇಕು.

ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವಿಲ್ಲ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಜಿಲ್ಲಾಡಳಿತ ಈ ನಿರ್ಬಂಧ ತಂದಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಹಗಲಿನಲ್ಲೂ ಕಾಡಿನ ನಡುವೆ ವಾಹನ ನಿಲ್ಲಿಸುವಂತಿಲ್ಲ. ಹೀಗಾಗಿ ಮೊದಲ ರಾತ್ರಿ ಗುಂಡ್ಲುಪೇಟೆಯ ಕಡೆ, ಎರಡನೆಯದು ಊಟಿಯಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅಂಗಳವಿರುವ ವಸತಿಗೃಹಕ್ಕೆ ಫೋನ್ ಮಾಡಿ, ವಾಹನದ ಉದ್ದ, ಎತ್ತರ ಹೇಳಿ ಜಾಗ ಕೇಳುವುದು ಒಳ್ಳೆಯದು.

ಇನ್ನು ದಾರಿ. ಬಂಡೀಪುರ ದಾಟಿದ ಮೇಲೆ ತಮಿಳುನಾಡಿನ ತೆಪ್ಪಕಾಡಿನಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಮಸಿನಗುಡಿಯ ಮೇಲೆ ಕಲ್ಲಹಟ್ಟಿ ಘಟ್ಟ ಏರುತ್ತದೆ. ದೂರ ಕಡಿಮೆ, ಆದರೆ 36 ಹೇರ್‌ಪಿನ್ ತಿರುವುಗಳು, ಕಡಿದಾದ ಏರು. ಅಪಘಾತಗಳ ಕಾರಣದಿಂದ ಹೊರಗಿನ ವಾಹನಗಳಿಗೆ, ವಿಶೇಷವಾಗಿ ಇಳಿಯುವಾಗ, ಇಲ್ಲಿ ನಿರ್ಬಂಧವಿದೆ. ಇನ್ನೊಂದು ಗೂಡಲೂರು, ನಡುವಟ್ಟಂ, ಪೈಕಾರಾ ಮೇಲೆ ಹೋಗುತ್ತದೆ. ಇದು ಸುತ್ತು, ಆದರೆ ಬಸ್ಸು ಲಾರಿಗಳು ಓಡಾಡುವ ರಸ್ತೆ. ಕ್ಯಾರವಾನ್‌ಗೆ ಇದೇ ಸರಿ. ನೀಲಗಿರಿ ಜಿಲ್ಲೆ ಪ್ರವೇಶಿಸಲು 2024ರ ಮೇ ತಿಂಗಳಿನಿಂದ ಇ-ಪಾಸ್ ಪದ್ಧತಿ ಬಂದಿದೆ; ಮನೆ ಬಿಡುವ ಮೊದಲೇ ನಿಯಮ ವಿಚಾರಿಸಿ ಪಡೆದುಕೊಳ್ಳಿ.

ವಾಹನದ ವಿಷಯಕ್ಕೆ ಬರೋಣ. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ. ತೊಟ್ಟಿಯನ್ನು ತುಂಬಿಸಿ ಘಟ್ಟ ಹತ್ತಬೇಕಾಗಿಲ್ಲ. ಊಟಿ ಸೇರಿದ ಮೇಲೆ ತುಂಬಿಸಬಹುದು. ಭಾರದ ಸಾಮಾನು ತಳದಲ್ಲಿರಲಿ, ಮಾಡಿನ ಮೇಲೆ ಬೇಡ. ಎತ್ತರದ ವಾಹನ ತಿರುವಿನಲ್ಲಿ ಬೇಗ ವಾಲುತ್ತದೆ. ಚಲಿಸುವಾಗ ಗ್ಯಾಸ್ ಸಿಲಿಂಡರಿನ ಕೀಲಿ ಮುಚ್ಚಿರಲಿ, ಎಲ್ಲರೂ ಸೀಟಿನಲ್ಲಿ ಬೆಲ್ಟು ಕಟ್ಟಿ ಕುಳಿತಿರಲಿ. ಹಾಸಿಗೆ ಇದೆಯೆಂದು ಮಕ್ಕಳನ್ನು ಮಲಗಿಸಬೇಡಿ. ಏರಿದ ಗೇರಿನಲ್ಲೇ ಇಳಿಯಬೇಕೆಂಬುದು ಘಟ್ಟದ ಚಾಲಕರ ಹಳೆಯ ಪಾಠ. ಬ್ರೇಕನ್ನೇ ತುಳಿಯುತ್ತ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಏರಿ ಬರುವ ವಾಹನಕ್ಕೆ ದಾರಿ ಕೊಡಿ. ಡೀಸೆಲ್ಲನ್ನು ಗುಂಡ್ಲುಪೇಟೆಯಲ್ಲೇ ತುಂಬಿಸಿ.

ಕಾಡಿನೊಳಗೆ ಒಲೆ ಹಚ್ಚುವ ಮಾತೇ ಬೇಡ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಎಷ್ಟೊಂದು ಸುಟ್ಟುಹೋಯಿತೆಂಬುದು ನಮಗೆಲ್ಲ ನೆನಪಿದೆ. ಬೇಸಗೆಯಲ್ಲಿ ಒಣಗಿದ ತರಗೆಲೆಗೆ ಒಂದು ಕಿಡಿ ಸಾಕು. ಆದ್ದರಿಂದ ಕಾಫಿ, ತಿಂಡಿಯನ್ನು ಊರಿನಲ್ಲೇ ಮುಗಿಸಿ. ತಿಂಡಿ ಇಡ್ಲಿಯಂತೆ ಹಗುರವಾಗಿರಲಿ. ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯ ತೊಂದರೆ ಕಡಿಮೆ. ಮಂಗಗಳಿಗೆ, ಜಿಂಕೆಗಳಿಗೆ ತಿನ್ನಲು ಹಾಕಬೇಡಿ. ರಸ್ತೆಯ ಆಸೆಗೆ ಬಿದ್ದ ಪ್ರಾಣಿ ಕೊನೆಗೆ ಚಕ್ರದಡಿ ಸಾಯುತ್ತದೆ. ಆನೆ ಎದುರಾದರೆ ದೂರದಲ್ಲೇ ನಿಂತು, ಹಾರನ್ ಹೊಡೆಯದೆ, ಅದು ದಾಟಿಹೋಗುವವರೆಗೆ ಕಾಯಿರಿ, ಕೆಳಗಿಳಿಯಬೇಡಿ.

ಒಂದು ದಿನ ಹೆಚ್ಚಿಗೆ ಇದ್ದರೆ 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡಬಹುದು. ಖಾಸಗಿ ವಾಹನ ಬೆಟ್ಟದ ಬುಡದಲ್ಲೇ ನಿಲ್ಲಬೇಕು. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸಿದೆ. ಮುಂಗಾರಿನ ದಿನಗಳಲ್ಲಿ ಸುತ್ತಲ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿರುತ್ತವೆ. ಫೋಟೋ ತೆಗೆಯುವ ಮೊದಲು ಹೊಲದವರನ್ನು ಕೇಳಿ. ಅದು ಅವರ ವರ್ಷದ ದುಡಿಮೆ.

ಹಿಂದಿರುಗುವ ಲೆಕ್ಕವನ್ನೂ ರಾತ್ರಿಯಿಂದಲೇ ಹಾಕಿ. ಗೂಡಲೂರಿನ ಮೇಲೆ ಊಟಿಯಿಂದ ಗುಂಡ್ಲುಪೇಟೆಗೆ ಸುಮಾರು 100 ಕಿಲೋಮೀಟರ್. ದೊಡ್ಡ ವಾಹನಕ್ಕೆ ನಾಲ್ಕು ಗಂಟೆ ಬೇಕೆಂದುಕೊಳ್ಳಿ. ಮಂಜು, ಮಳೆ, ವಾಹನಗಳ ಸಾಲಿಗೆ ಇನ್ನೊಂದು ಗಂಟೆ ಸೇರಿಸಿ. ಮಧ್ಯಾಹ್ನ ಎರಡಕ್ಕೆ ಹೊರಟವರಿಗೆ ಅವಸರವಿಲ್ಲ. ಐದಕ್ಕೆ ಹೊರಟವರು ಗೇಟು ಮುಚ್ಚೀತೆಂಬ ಭಯದಲ್ಲಿ ಕತ್ತಲ ಕಾಡಿನಲ್ಲಿ ವೇಗ ಹೆಚ್ಚಿಸುತ್ತಾರೆ. ಪ್ರಾಣಿಗಳು ರಸ್ತೆ ದಾಟುವ ಹೊತ್ತೂ ಅದೇ. ಅಪಾಯ ಇಬ್ಬರಿಗೂ.