ಹಾಯಿದೋಣಿ ಸಿಗಲಿಲ್ಲ, ಗೋದಾವರಿ ಸಿಕ್ಕಿತು

ನಾನು ಮಂಡ್ಯ ಕಡೆಯವನು. ಹತ್ತು ವರ್ಷದಿಂದ ಪುಣೆಯ ಹಿಂಜವಡಿಯಲ್ಲಿ ಕೆಲಸ. ನನ್ನ ಹೆಂಡತಿ ಬೆಂಗಳೂರಿನವಳು, ಅವಳೂ ಐಟಿ. ಒಂದೇ ಫ್ಲಾಟು, ಎರಡು ರೂಮು, ಎರಡು ಹೆಡ್‌ಫೋನು. ಊಟಕ್ಕೆ ಕರೆಯೋದೂ ಚಾಟ್‌ನಲ್ಲೇ. ನಿಮ್ಮಲ್ಲೂ ತುಂಬ ಜನರ ಮನೆ ಹೀಗೇ ಇರುತ್ತೆ, ನಗಬೇಡಿ.

ನನ್ನ ಹೆಂಡತಿಗೆ ಒಂದು ಹುಚ್ಚು ಹಿಡಿದಿತ್ತು. ಹಾಯಿದೋಣಿಯಲ್ಲೇ ಸಂಸಾರ ಮಾಡೋ ಗಂಡ ಹೆಂಡತಿಯರ ವೀಡಿಯೊ ನೋಡೋದು. ದೋಣಿಯಲ್ಲೇ ಅಡುಗೆ, ಅಲ್ಲೇ ನಿದ್ದೆ, ಗಾಳಿ ಬಂದ ಕಡೆ ಪಯಣ. 2023ರ ದಸರಾ ವಾರಕ್ಕೆ ಮುಂಬೈ ಹತ್ತಿರ ಅಂಥದ್ದೊಂದು ದೋಣಿ ಒಂದು ವಾರಕ್ಕೆ ಬುಕ್ ಮಾಡಿದೆವು. ಎರಡು ಲೈಫ್ ಜಾಕೆಟ್ ಕೂಡ ತಗೊಂಡೆವು. ಹೊರಡೋಕೆ ನಾಲ್ಕು ದಿನ ಇದ್ದಾಗ ಫೋನ್ ಬಂತು: ದೋಣಿಯ ಎಂಜಿನ್ ಕೆಟ್ಟಿದೆ, ದುಡ್ಡು ವಾಪಸ್. ರಜೆ ಮಂಜೂರಾಗಿತ್ತು, ಜಾಕೆಟ್ ಇದ್ದವು, ದೋಣಿ ಇರಲಿಲ್ಲ.

ಅವಳು ಆ ದೋಣಿಗಾಗಿ ಒಂದು ಎಕ್ಸೆಲ್ ಶೀಟ್ ಮಾಡಿದ್ದಳು. ಸುತ್ತ ಸಮುದ್ರ ಇದ್ದರೂ ಕುಡಿಯೋಕೆ, ತೊಳೆಯೋಕೆ ಟ್ಯಾಂಕಿನ ನೀರೇ ತಾನೇ. 350 ಲೀಟರ್ ಟ್ಯಾಂಕ್, ಏಳು ದಿನ, ಇಬ್ಬರು. ತಲೆಗೆ ದಿನಕ್ಕೆ 25 ಲೀಟರ್. ನಮ್ಮ ನಗರಗಳಲ್ಲಿ ತಲೆಗೆ 135 ಲೀಟರ್ ಅಂತ ಸರ್ಕಾರಿ ಲೆಕ್ಕ ಇದೆ. ಆ ಲೆಕ್ಕದಲ್ಲಿ ಬದುಕಿದರೆ ಟ್ಯಾಂಕು ಎರಡನೇ ದಿನವೇ ಖಾಲಿ.

"ಸಮುದ್ರ ಇಲ್ಲದಿದ್ದರೆ ನದಿ," ಅಂದಳು. "ನಾಸಿಕ್‌ನಿಂದ ಗೋದಾವರಿ ಹಿಡಿದು ಹೋಗೋಣ. ಆದರೆ 25 ಲೀಟರ್ ಲೆಕ್ಕ ಬಿಡೋ ಹಾಗಿಲ್ಲ." ನಾನು ಆಟ ಅಂದುಕೊಂಡು ಒಪ್ಪಿದೆ.

ಕೆಎ ನಂಬರಿನ ಕಾರಲ್ಲಿ ಹೊರಟೆವು. ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ಆಗಿತ್ತು. ಕಾವೇರಿಗೆ. ನಮ್ಮಪ್ಪನ ಗದ್ದೆ ವಿಶ್ವೇಶ್ವರಯ್ಯ ನಾಲೆ ಕೆಳಗೆ. ಆ ವರ್ಷ ಮಳೆ ಕೈಕೊಟ್ಟಿತ್ತು, ನಾಲೆಗೆ ನೀರಿಲ್ಲ. ನಾನು ಪುಣೆಯ ಎಸಿ ರೂಮಲ್ಲಿ ಕೂತು ಸಿಟ್ಟಿನ ಸ್ಟೇಟಸ್ ಹಾಕಿದ್ದೆ. ಒಂದಲ್ಲ, ನಾಲ್ಕು.

ಗೋದಾವರಿ ಹುಟ್ಟೋದು ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಅಲ್ಲಿಂದ ಇಳಿದು ಬಂದು ನಾಸಿಕ್ ಹತ್ತಿರದ ಗಂಗಾಪುರ ಅಣೆಕಟ್ಟಿನಲ್ಲಿ ನಿಲ್ಲುತ್ತೆ. ದಡದಲ್ಲಿ ಬೋಟ್ ಕ್ಲಬ್ ಇದೆ, ಸುತ್ತ ದ್ರಾಕ್ಷಿ ತೋಟ. ಹಾಯಿ ಕೇಳಿದೆವು, ಮೋಟಾರ್ ಬೋಟ್ ಸಿಕ್ಕಿತು. ಇಬ್ಬರೂ ನಮ್ಮದೇ ಜಾಕೆಟ್ ಹಾಕ್ಕೊಂಡು ಕೂತೆವು. ನೀರು ಚೆನ್ನಾಗಿತ್ತು, ಗುಡ್ಡ ಚೆನ್ನಾಗಿತ್ತು. ಸುತ್ತು ಮುಗಿಯೋ ಹೊತ್ತಿಗೆ ಹೆಂಡತಿ, "ಇದು ನಾಸಿಕ್‌ನವರ ಕುಡಿಯೋ ನೀರು, ಗೊತ್ತಾ?" ಅಂದಳು. ಗೊತ್ತಿರಲಿಲ್ಲ.

ಆಮೇಲೆ ಟೀ ಅಂಗಡಿಯಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರ ಕಾರಿನ ನಂಬರ್ ನೋಡಿ ಮಾತಿಗೆ ಸಿಕ್ಕಿದ. "ನಿಮ್ಮಲ್ಲೂ ನೀರಿನ ಗಲಾಟೆ ಅಂತೆ? ನಮ್ಮದೂ ಅದೇ. ಮಳೆ ಕಮ್ಮಿ ಇದೆ, ಆದರೂ ನಮ್ಮ ಡ್ಯಾಮಿನ ನೀರು ಕೆಳಗೆ ಬಿಡ್ತಾರಂತೆ." ಥೇಟ್ ನಮ್ಮಪ್ಪನ ಮಾತು, ಮರಾಠಿಯಲ್ಲಿ. ನಾನು ಜೋರಾಗಿ ತಲೆ ಆಡಿಸಿದೆ. ಟೀ ದುಡ್ಡೂ ನಾನೇ ಕೊಟ್ಟೆ.

ಮುಂದೆ ನಿಫಾಡ್ ತಾಲ್ಲೂಕಿನ ನಾಂದೂರ್ ಮಧಮೇಶ್ವರ. ಗೋದಾವರಿಗೆ ಕಡ್ವಾ ನದಿ ಸೇರೋ ಜಾಗ. ಬ್ರಿಟಿಷರ ಕಾಲದ ಒಡ್ಡು, ಅದರ ಹಿಂದೆ ಹೂಳು ತುಂಬಿ ಹಕ್ಕಿಗಳ ಊರೇ ಆಗಿದೆ. ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ ಇದು. ಅಲ್ಲಿ ಅರ್ಧ ದಿನ ಇಬ್ಬರೂ ಫೋನ್ ತೆಗೀಲಿಲ್ಲ. ನಮ್ಮ ಮಟ್ಟಿಗೆ ಅದು ದಾಖಲೆ.

ಆಮೇಲೆ ಪೈಠಣ. ಶಾತವಾಹನರ ಪ್ರತಿಷ್ಠಾನ, ಸಂತ ಏಕನಾಥರ ಊರು. ಇಲ್ಲಿನ ಜಾಯಕವಾಡಿ ಜಲಾಶಯಕ್ಕೆ ಅವರದೇ ಹೆಸರು: ನಾಥಸಾಗರ. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ನಾನು ಕೆಆರ್‌ಎಸ್ ನೋಡಿ ಬೆಳೆದವನು, ಅದಕ್ಕಿಂತ ದೊಡ್ಡದು ಏನಿರುತ್ತೆ ಅನ್ನೋ ಜಂಬ. ಕೆಆರ್‌ಎಸ್ 49 ಟಿಎಂಸಿ ಚಿಲ್ಲರೆ. ನಾಥಸಾಗರ 100 ಟಿಎಂಸಿ ಮೇಲೆ. ಅಣೆಕಟ್ಟಿನ ಉದ್ದವೇ ಸುಮಾರು 10 ಕಿಲೋಮೀಟರ್. ಆಚೆ ದಡ ಕಾಣಲ್ಲ. ಆ ಅಕ್ಟೋಬರ್‌ನಲ್ಲಿ ಅದು ಅರ್ಧವೂ ತುಂಬಿರಲಿಲ್ಲ.

ಒಬ್ಬ ಮೀನುಗಾರ ತನ್ನ ದೋಣಿಯಲ್ಲಿ ದಡದ ಹತ್ತಿರವೇ ಸ್ವಲ್ಪ ದೂರ ಕರ್ಕೊಂಡು ಹೋದ. ಗಾಳಿ ಬಂತು. ಹೆಂಡತಿ ಎದ್ದು ನಿಂತು ದುಪಟ್ಟಾ ಬಿಚ್ಚಿ ಗಾಳಿಗೆ ಹಿಡಿದಳು. ದೋಣಿ ಒಂದಿಂಚೂ ಸರಿಯಲಿಲ್ಲ, ಅವನು "ಕೂತ್ಕೊಳ್ಳಿ ತಾಯಿ" ಅಂತ ಬೈದ. ಆದರೂ ನಮ್ಮ ಲೆಕ್ಕದಲ್ಲಿ ಹಾಯಿ ಏರಿಸಿದ್ದು ನಿಜ.

ವಾಪಸ್ ಬರುವಾಗ ಅವನು ದಡದಲ್ಲಿ ಹಳೇ ನೀರಿನ ಗುರುತು ತೋರಿಸಿದ. "ನೀರು ಅಲ್ಲೀತನಕ ಇರಬೇಕಿತ್ತು. ಮೇಲಿನವರು ತಡೆದು ಇಟ್ಕೊಂಡಿದ್ದಾರೆ." ನಾನು ಮತ್ತೆ ತಲೆ ಆಡಿಸಿದೆ.

ಕಾರಿಗೆ ಬಂದ ಮೇಲೆ ಹೆಂಡತಿ ಕೇಳಿದಳು: "ನಾಸಿಕ್‌ನಲ್ಲೂ ತಲೆ ಆಡಿಸಿದೆ, ಇಲ್ಲೂ ಆಡಿಸಿದೆ. ನೀನು ಯಾರ ಕಡೆ?"

ಉತ್ತರ ಇರಲಿಲ್ಲ. ಕಾವೇರಿ ವಿಷಯದಲ್ಲಿ ನಾನು ಯಾವತ್ತೂ ಮೇಲಿನವನು. ಕೆಳಗಿನವನ ದೋಣಿಯಲ್ಲಿ ಕೂತಿದ್ದು ಅದೇ ಮೊದಲು. ಇಲ್ಲಿ ಬೈಯೋಕೆ ಇನ್ನೊಂದು ರಾಜ್ಯ ಇಲ್ಲ, ಇನ್ನೊಂದು ಭಾಷೆ ಇಲ್ಲ. ಇಬ್ಬರೂ ಮರಾಠಿಗರು, ಇಬ್ಬರೂ ಏಕನಾಥರ ಅಭಂಗ ಹಾಡೋರು. ಆದರೂ ಜಗಳ ಅದೇ. ಹಾಗಾದ್ರೆ ನಾನು ಸ್ಟೇಟಸ್‌ನಲ್ಲಿ ಭಾಷೆ ಹಿಡಿದು ಬೈದಿದ್ದು ಯಾತಕ್ಕೆ?

ರಜೆಯ ಕೊನೆ ಎರಡು ದಿನ ಛತ್ರಪತಿ ಸಂಭಾಜಿನಗರದಲ್ಲಿ, ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡೋ ಧಾರವಾಡದ ಗೆಳೆಯನ ಮನೆಯಲ್ಲಿ. ಪಕ್ಕದಲ್ಲೇ ಎಲ್ಲೋರ. ಕೈಲಾಸ ದೇವಾಲಯ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಈ ಜಿಲ್ಲೆಯಲ್ಲಿ ಕನ್ನಡ್ ಅಂತಲೇ ಒಂದು ತಾಲ್ಲೂಕಿದೆ. ಕಾವೇರಿಯಿಂದ ಗೋದಾವರಿ ತನಕ ಕನ್ನಡ ನಾಡು ಅಂತ ಕವಿರಾಜಮಾರ್ಗ ಹೇಳುತ್ತೆ ಅಂತ ಶಾಲೆಯಲ್ಲಿ ಓದಿದ್ದೆ. ಆ ಎರಡು ನದಿಗೂ ಈಗ ಒಂದೇ ತಾಪತ್ರಯ ಅಂತ ಅಲ್ಲಿ ಅನ್ನಿಸಿತು.

ಗೆಳೆಯನ ಮನೆಯ ಬಾಲ್ಕನಿಯಲ್ಲಿ ನೀಲಿ ಡ್ರಮ್ಮುಗಳ ಸಾಲು. ನಾಥಸಾಗರ ಅಲ್ಲಿಂದ 50 ಕಿಲೋಮೀಟರ್ ಚಿಲ್ಲರೆ ಅಷ್ಟೇ. ನಲ್ಲಿ ಬರೋದು ಹಲವು ದಿನಕ್ಕೊಮ್ಮೆ. ಹೆಂಡತಿ ಹೆಮ್ಮೆಯಿಂದ ಎಕ್ಸೆಲ್ ತೋರಿಸಿದಳು. ಗೆಳೆಯನ ಹೆಂಡತಿ ನೋಡಿ ನಕ್ಕರು. "ನೀವು ರಜೆಗೆ ಅಂತ ಮಾಡೀರಿ, ನಾವು ದಿನಾ ಮಾಡ್ತೀವ್ರಿ. ತರಕಾರಿ ತೊಳೆದ ನೀರು ಗಿಡಕ್ಕ, ಬಟ್ಟಿ ಹಿಂಡಿದ ನೀರು ಬಾತ್‌ರೂಮಿಗೆ." ಅವರ ಮನೆ ನಿಜವಾದ ಹಾಯಿದೋಣಿ. ನಾವು ಸುಮ್ಮನೆ ಲ್ಯಾಪ್‌ಟಾಪ್ ಮುಚ್ಚಿದೆವು.

ಅಕ್ಟೋಬರ್ 29ಕ್ಕೆ ಪುಣೆಗೆ ಬಂದೆವು. ಮರುದಿನವೇ ಸುದ್ದಿ: ನಾಸಿಕ್, ನಗರ ಕಡೆಯ ಅಣೆಕಟ್ಟುಗಳಿಂದ ಜಾಯಕವಾಡಿಗೆ ಸುಮಾರು 8.6 ಟಿಎಂಸಿ ಬಿಡಲು ಆದೇಶ. ಅದರ ಹಿಂದೆ ಒಂದು ಸೂತ್ರ ಇತ್ತು. ಅಕ್ಟೋಬರ್ 15ಕ್ಕೆ ಜಾಯಕವಾಡಿಯ ಬಳಕೆ ನೀರು ಶೇಕಡ 65ಕ್ಕಿಂತ ಕಮ್ಮಿ ಇದ್ದರೆ ಮೇಲಿನವರು ಬಿಡಬೇಕಿತ್ತು. ರಾಜ್ಯದ ಜಲ ಪ್ರಾಧಿಕಾರ 2014ರಲ್ಲಿ ಆದೇಶ ಕೊಟ್ಟಿತು, 2016ರಲ್ಲಿ ಬಾಂಬೆ ಹೈಕೋರ್ಟ್ ಎತ್ತಿಹಿಡಿಯಿತು. ಹಾಗಂತ ಎಲ್ಲ ಸಲೀಸಾಗಿ ನಡೀಲಿಲ್ಲ. ಮೇಲೆ ಪ್ರತಿಭಟನೆ, ಕೆಳಗೆ ರಸ್ತೆ ತಡೆ, ನೀರು ಹೊರಟಿದ್ದು ನವೆಂಬರ್ ಕೊನೆಗೆ. ಆದರೂ ಜಗಳ ಆಡೋಕೆ ಒಂದು ತಾರೀಖು, ಒಂದು ಅಂಕಿ ಅಂತ ಇತ್ತು. ಕಾವೇರಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ 177.25 ಟಿಎಂಸಿ ಸಾಮಾನ್ಯ ಮಳೆಯ ವರ್ಷಕ್ಕೆ. ಮಳೆ ಬರದ ವರ್ಷಕ್ಕೆ ಎಷ್ಟು ಅನ್ನೋದರಲ್ಲೇ ನಮ್ಮ ಜಗಳ ಸಿಕ್ಕಿಹಾಕಿಕೊಂಡಿದೆ.

ಇದನ್ನೆಲ್ಲ ಅಪ್ಪನಿಗೆ ಫೋನಲ್ಲಿ ಹೇಳಿದೆ. ಅಪ್ಪ ಕೇಳಿಸಿಕೊಂಡು, "ಸರಿ ಕಣಪ್ಪ, ನನ್ನ ಗದ್ದೆ ಒಣಗ್ತಾ ಅದೆ, ಅದಕ್ಕೇನಂತೀಯ?" ಅಂದರು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಪಕ್ಕದಲ್ಲಿದ್ದ ಹೆಂಡತಿ ಫೋನ್ ತಗೊಂಡು, "ಮಾವ, ಹುಟ್ಟಿದಾಗಿಂದ ಬೆಂಗಳೂರಲ್ಲಿ ನಿಮ್ಮ ಪಾಲಿನ ನೀರೇ ಕುಡಿದವಳು ನಾನು" ಅಂದಳು. ಅಪ್ಪ ನಕ್ಕರು. ಆ ತಿಂಗಳಲ್ಲಿ ಅವರು ನಕ್ಕಿದ್ದು ಕೇಳಿಸಿಕೊಂಡಿದ್ದು ಅದೊಂದೇ ಸಲ.

ಸ್ಟೇಟಸ್ ಹಾಕೋದು ಬಿಟ್ಟಿದ್ದೀನಿ. ಮನೆಯಲ್ಲಿ 25 ಲೀಟರ್ ಆಗಲ್ಲ, ಅರವತ್ತರ ಆಸುಪಾಸಿನಲ್ಲಿ ಇದ್ದೀವಿ. ರಾತ್ರಿ ಇಬ್ಬರೂ ಕೂತು ಲೆಕ್ಕ ಬರೀತೀವಿ, ಆ ನೆಪದಲ್ಲಿ ಮಾತೂ ಆಗುತ್ತೆ. ನೀವೂ ಒಂದು ಭಾನುವಾರ ಬಕೆಟ್ ಇಟ್ಟು ಅಳೆದು ನೋಡಿ. ನಿಮ್ಮ ಊರಿನ ನೀರು ಯಾವ ನದಿಯದ್ದು, ಅದರ ಮೇಲೆ ಯಾರಿದ್ದಾರೆ, ಕೆಳಗೆ ಯಾರಿದ್ದಾರೆ ಅಂತ ಒಮ್ಮೆ ಕೇಳಿ ತಿಳ್ಕೊಳ್ಳಿ.

ಲೈಫ್ ಜಾಕೆಟ್ ಇನ್ನೂ ಇವೆ. ಯಾರಾದರೂ ದೋಣಿ ಇಟ್ಟಿದ್ದರೆ ಹೇಳಿ.