ಮಾರಾಟಕ್ಕಿಲ್ಲದ ನೆಲ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿ ಸೇತುವೆಗೆ ಮುಂಚೆ ಸಿಗುವ ಕೊಪ್ಪ ಪಿರಿಯಾಪಟ್ಟಣ ತಾಲ್ಲೂಕಿನ ಗಡಿಯೂರು. ಹೊಳೆ ದಾಟಿದರೆ ಕುಶಾಲನಗರ. ದಾಟದೆ ಎಡಕ್ಕೆ ತಿರುಗಿದರೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳು. ಈ ಸೀಮೆಯನ್ನು ವಿಶ್ವವಿದ್ಯಾಲಯದ ಊರೆಂದು ಕರೆಯುವ ರೂಢಿ ಇಲ್ಲ. ಆದರೆ ಇಲ್ಲಿನ ಸೆರಾ ಮಹಾವಿಹಾರದಲ್ಲಿ ಸಾವಿರಾರು ಭಿಕ್ಷುಗಳು ತರ್ಕ, ದರ್ಶನ, ವಿನಯ (ಭಿಕ್ಷುಗಳ ಶಿಸ್ತಿನ ನಿಯಮ) ಓದುತ್ತಾರೆ. ಅಲ್ಲಿನ ಉನ್ನತ ಪದವಿಯಾದ ಗೆಶೆಗೆ ಸುಮಾರು ಇಪ್ಪತ್ತು ವರ್ಷ ಹಿಡಿಯುತ್ತದೆ. ಹೊಳೆಯಾಚೆ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ವಿದ್ಯೆ ಬಂದಲ್ಲಿ ಹಸಿರು ಹೇಗೆ ಕರಗುತ್ತದೆ, ಎಲ್ಲಿ ಉಳಿಯುತ್ತದೆ ಎಂಬುದನ್ನು ತಿಳಿಯಲು ಕೊಪ್ಪ ತಕ್ಕ ಜಾಗ.

ಚರಿತ್ರೆ ಎಲ್ಲರಿಗೂ ಗೊತ್ತಿರುವುದೇ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟಿನ ನಿರಾಶ್ರಿತರಿಗೆ ಇಲ್ಲಿ ಸುಮಾರು 3000 ಎಕರೆ ಕೊಟ್ಟಿತು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ, 1969ರಲ್ಲಿ ಎರಡನೆಯ ಪುನರ್ವಸತಿ ನೆಲೆ, 1970ರಲ್ಲಿ ಸೆರಾ ಬಂದವು. ಕೊಟ್ಟ ನೆಲ ಕಾಡಾಗಿತ್ತು. ಬಂದವರೇ ಮರ ಕಡಿದು, ಬುಡ ಕಿತ್ತು, ಆನೆ ಕಾಟದ ನಡುವೆ ಹೊಲ ಮಾಡಿದರು. ಬೈಲಕುಪ್ಪೆಯ ಹಸಿರನ್ನು ಹೊಗಳುವವರು ಈ ಮಾತನ್ನು ಮರೆಯಬಾರದು.

ಇಂದು ಕ್ಯಾಂಪಿನ ದಾರಿಯಲ್ಲಿ ಮಳೆಗಾಲದಲ್ಲಿ ಮುಸುಕಿನ ಜೋಳ ಆಳೆತ್ತರಕ್ಕೆ ನಿಂತಿರುತ್ತದೆ; ಹೊಲ ಮುಗಿದಲ್ಲಿ ಮನೆಗಳ ಸಾಲು, ಮಂತ್ರ ಬರೆದ ಬಾವುಟಗಳು, ಮತ್ತೆ ಹೊಲ. ಹೆದ್ದಾರಿಯ ಬದಿಗೆ ಬಂದರೆ ನೋಟವೇ ಬೇರೆ. ಬದುಗಳನ್ನು ಜೆಸಿಬಿ ಸವರಿ ಹಾಕಿರುತ್ತದೆ, ಕೆಮ್ಮಣ್ಣಿನ ರಸ್ತೆ ಎಳೆದಿರುತ್ತದೆ, ಮೂವತ್ತು–ನಲವತ್ತರ ಅಳತೆಗೆ ಕಲ್ಲು ನೆಟ್ಟು ಸುಣ್ಣ ಬಳಿದು ನಂಬರ್ ಬರೆದಿರುತ್ತಾರೆ. ಬದುವಿನ ಜೊತೆಗೇ ಅದರ ಮೇಲಿನ ಹೊಂಗೆ, ಬೇಲಿಯ ಲಕ್ಕಿ, ಮೇವಿನ ಹುಲ್ಲು ಎಲ್ಲವೂ ಹೋಗುತ್ತವೆ. ಸೈಟುಗಳು ಮನೆಯಾಗುವ ತನಕ ಪಾರ್ಥೇನಿಯಮ್ ಬೆಳೆಯುತ್ತದೆ.

ಈ ವ್ಯತ್ಯಾಸಕ್ಕೆ ಟಿಬೆಟಿಯನ್ನರ ಧರ್ಮವೇ ಕಾರಣ, ಬೌದ್ಧರಿಗೆ ಪ್ರಕೃತಿಯ ಮೇಲೆ ಕರುಣೆ ಹೆಚ್ಚು ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಅದು ನಿಲ್ಲುವ ಮಾತಲ್ಲ. ಕ್ಯಾಂಪಿನ ನೆಲ ಸರ್ಕಾರದ ಗುತ್ತಿಗೆಯದು. 2014ರ ಕೇಂದ್ರದ ಪುನರ್ವಸತಿ ನೀತಿಯೂ ರಾಜ್ಯಗಳು 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಲಿ ಎಂದಿತೇ ಹೊರತು ಮಾಲೀಕತ್ವ ಕೊಡಲಿ ಎನ್ನಲಿಲ್ಲ. ಉಳುವ ಕುಟುಂಬಕ್ಕೆ ಅನುಭೋಗದ ಹಕ್ಕಿದೆ, ಸೈಟು ಮಾಡಿ ಮಾರುವ ಹಕ್ಕಿಲ್ಲ. ಪಕ್ಕದ ಪಟ್ಟಾ ಜಮೀನಿನ ಕತೆ ಬೇರೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿಯೇತರ ಬಳಕೆಗೆ ಕನ್ವರ್ಷನ್ ಮಾಡಿಸಿದರೆ ಹೊಲ ಹೊಲವಾಗಿ ಉಳಿಯಬೇಕಿಲ್ಲ. ಬೇಸಾಯಗಾರರಲ್ಲದವರನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಪೇಟೆಯ ದುಡ್ಡಿಗೆ ಹೊಲದ ಬಾಗಿಲೂ ತೆರೆಯಿತು. ಕ್ಯಾಂಪಿನ ಹೊಲ ಉಳಿದದ್ದು ಧರ್ಮದಿಂದಲ್ಲ, ಪಹಣಿಯ ಬಲದಿಂದ ಎಂಬುದೇ ಇಲ್ಲಿ ಒತ್ತಿ ಹೇಳಬೇಕಾದ ಸಂಗತಿ. ಧರ್ಮವೇ ಕಾರಣವಾಗಿದ್ದರೆ ಹಸಿರು ಮೊದಲು ಉಳಿಯಬೇಕಿದ್ದ ಕಡೆ, ಅಂದರೆ ಮಠಗಳ ಆವರಣದಲ್ಲಿ, ಬೈಲಕುಪ್ಪೆಯಲ್ಲೂ ಕಾಂಕ್ರೀಟು ಧಾರಾಳವಾಗಿ ಎದ್ದಿದೆ.

ಮಾರಲಾಗದ ನೆಲದಲ್ಲಿ ಹಸಿರು ಉಳಿಯುವ ಇದೇ ಸೂತ್ರ ಮೈಸೂರಿನಲ್ಲೂ ಕಾಣುತ್ತದೆ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ವಿಶಾಲವಾದ ಜಾಗ ಹಿಡಿದು ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅಲ್ಲಿ ಪ್ರಾಧ್ಯಾಪಕರಾಗಿದ್ದ ದೇಜಗೌ, ಹಾಮಾನಾ ಅವರ ಪಾಠ ಕೇಳಿದ ತಲೆಮಾರಿಗೆ ತರಗತಿಯಷ್ಟೇ ಕೆರೆಯ ಏರಿಯೂ ನೆನಪಿನಲ್ಲಿದೆ. ಗುರುಗಳು ಅಲ್ಲಿ ವಾಯುವಿಹಾರಕ್ಕೆ ಬರುತ್ತಿದ್ದರು, ಕೊಠಡಿಯಲ್ಲಿ ಕೇಳಲು ಅಂಜಿದ ಪ್ರಶ್ನೆಯನ್ನು ಏರಿಯ ಮೇಲೆ ಕೇಳಬಹುದಿತ್ತು. ನಗರ ನಾಲ್ಕೂ ಕಡೆ ಬೆಳೆದರೂ ಆ ಹಸಿರು ಉಳಿದದ್ದು ಇಡೀ ಜಾಗ ಒಂದೇ ಸಂಸ್ಥೆಯ ಹೆಸರಿನಲ್ಲಿರುವುದರಿಂದ. ಆದರೆ ಬೇಲಿ ನೀರನ್ನು ಕಾಯಲಾರದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆಗೆ ಮಳೆನೀರು ತರುತ್ತಿದ್ದ ಕಾಲುವೆಗಳು ಹೊರಗಿನ ಬಡಾವಣೆಗಳಲ್ಲಿ ಮುಚ್ಚಿಹೋದವು. ಅವುಗಳ ಬದಲು ಚರಂಡಿ ನೀರು ಬಂತು, ಪಾಚಿ ಕಟ್ಟಿತು.

ಕೊಪ್ಪದಲ್ಲಿ ಆ ಕೆರೆಯ ಸ್ಥಾನದಲ್ಲಿರುವುದು ಕಾವೇರಿ. ಹೊಳೆ ಉಕ್ಕಿದಾಗ ಹರಡಿಕೊಳ್ಳಲು ದಡದ ಗದ್ದೆ ಬೇಕು. ಎದುರು ದಡದ ಕುಶಾಲನಗರದಲ್ಲಿ ತಗ್ಗಿನ ನೆಲ ಬಡಾವಣೆಯಾದ ಮೇಲೆ, 2018 ಮತ್ತು 2019ರ ಆಗಸ್ಟ್‌ನಲ್ಲಿ ನೀರು ಮನೆಗಳಿಗೇ ನುಗ್ಗಿತು.

ಹಾಗಾದರೆ ಮಾರಲಾಗದ ನೆಲ ಮಾದರಿಯೇ? ನಿರಾಶ್ರಿತನಿಗೆ ಹಕ್ಕು ಸಿಗದಿದ್ದುದರಿಂದ ಹೊಲ ಉಳಿಯಿತೆಂದರೆ, ಆ ಇಲ್ಲದಿರುವಿಕೆಯನ್ನು ಪಿರಿಯಾಪಟ್ಟಣದ ರೈತನಿಗೂ ಬಯಸುವುದು ನ್ಯಾಯವೇ? ಹೊಗೆಸೊಪ್ಪು, ಶುಂಠಿಯ ಬೆಲೆ ಕುಸಿದ ವರ್ಷ ಮಗಳ ಕಾಲೇಜು ಫೀಸಿಗೆ ಅರ್ಧ ಎಕರೆ ಮಾರುವವನನ್ನು ಯಾವ ಬಾಯಿಂದ ತಡೆಯುವುದು? ಊರಿಗೆ ಹಸಿರು ಬೇಕಿದ್ದರೆ ಊರೇ ದುಡ್ಡು ಹಾಕಿ ದಡದ ಗದ್ದೆಯನ್ನು ಕೊಂಡು ಪಂಚಾಯಿತಿಯ ಹೆಸರಿಗೆ ಮಾಡಬಹುದೇ, ಮಾಡಿದರೂ ಆ ಪಂಚಾಯಿತಿಯೇ ನಾಳೆ ಅದನ್ನು ಸೈಟು ಮಾಡದೆ ಇದ್ದೀತೇ?